ಮುಟುರಿದ ಮೆಣಸಿನಗಿಡ ಮತ್ತು ಏಳು ಇಂಚಿನ ಸ್ಕ್ರೀನ್: ಕುಂದಗೋಳ ಸೀಮೆಯ ಒಂದು ಹೊಲದ ಪ್ರಕರಣ

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಎರೆ ಹೊಲ, ಅದರಲ್ಲಿ ಬ್ಯಾಡಗಿ ಕಡ್ಡಿ ಮೆಣಸಿನಕಾಯಿ. ಈ ಭಾಗದ ವಾಡಿಕೆಯಂತೆ ಸಾಲಿನ ನಡುವೆ ಉಳ್ಳಾಗಡ್ಡಿ ಇತ್ತು, ಅದನ್ನು ಆಗಲೇ ಕಿತ್ತಾಗಿತ್ತು. ನಡುನಡುವೆ ಹತ್ತಿ ಸಾಲುಗಳು. ಅಕ್ಟೋಬರ್ ತಿಂಗಳು, ಮಳೆ ನಿಂತರೂ ಮೋಡ ಬಿಡದ ದಿನಗಳು. ಗಿಡ ಮೊಣಕಾಲೆತ್ತರ ಬಂದು ಹೂ ಹಿಡಿಯುವ ಹೊತ್ತಿಗೆ ಸರಿಯಾಗಿ ತುದಿ ಎಲೆಗಳು ಮುಟುರಿಕೊಳ್ಳಲು ಶುರುವಾದವು.

ಹೊಲದ ಯಜಮಾನರು ಅರವತ್ತು ದಾಟಿದವರು. ನಾನು ಅವರನ್ನು ಕಾಕಾ ಅಂತಲೇ ಕರೆಯುವುದು. ಸುತ್ತಲಿನ ಹಳ್ಳಿಗಳಲ್ಲಿ ಬೆಳೆ ನೋಡಿ ಸಲಹೆ ಕೊಡುವುದು ನನ್ನ ಕೆಲಸ. ಅವರು ನನ್ನನ್ನು ಕರೆಸುವ ಹೊತ್ತಿಗೆ ಎರಡು ಸಲ ಎಣ್ಣೆ, ಅಂದರೆ ಕೀಟನಾಶಕ, ಹೊಡೆದಾಗಿತ್ತು. ಮೊದಲು ಇಮಿಡಾಕ್ಲೋಪ್ರಿಡ್, ಅದಾದ ಮೇಲೆ ಲ್ಯಾಂಬ್ಡಾ ಸೈಹಲೋಥ್ರಿನ್. ಮುಟುರು ಇಳಿದಿರಲಿಲ್ಲ. ಎರಡನೇ ಸಲ ಹೊಡೆದ ಮೇಲೆ ಜಾಸ್ತಿಯೇ ಆಗಿತ್ತು. ಔಷಧಿ ಅಂಗಡಿಯವರು ಇದು ಥ್ರಿಪ್ಸ್ (ರಸ ಹೀರುವ ಸಣ್ಣ ಕೀಟ), ಇನ್ನೂ ಜೋರಿನದು ಬೇಕು ಎಂದು ದುಬಾರಿ ಬಾಟಲಿಯೊಂದನ್ನು ಬರೆದುಕೊಟ್ಟಿದ್ದರು. ಪಕ್ಕದ ಹೊಲದವರು ಇದು ವೈರಸ್ಸು, ಕಿತ್ತು ಒಗೆಯಿರಿ ಎಂದಿದ್ದರು. ಕಾಕಾ ಎರಡರ ನಡುವೆ ಸಿಕ್ಕಿಕೊಂಡಿದ್ದರು. ಬಾಟಲಿಗೆ ದುಡ್ಡು ಹೊಂದಿಸುವುದೋ, ಗಿಡ ಕೀಳುವುದೋ?

ಈ ಬರಹ ಆ ಹೊಲದಲ್ಲಿ ಏನಾಯಿತು ಎಂಬುದರ ಪೂರ್ತಿ ವಿವರ. ಸ್ಕ್ರೀನ್ ಇರುವ ಡಿಜಿಟಲ್ ಮೈಕ್ರೋಸ್ಕೋಪನ್ನು ಹೇಗೆ ಬಳಸಿದೆವು, ಅದರಿಂದ ಯಾವ ನಿರ್ಧಾರ ಬದಲಾಯಿತು, ಅದು ಎಲ್ಲಿ ಕೈಕೊಟ್ಟಿತು ಎಂಬುದನ್ನು ಬಿಡದೆ ಬರೆಯುತ್ತಿದ್ದೇನೆ. ಬಾಟಲಿ ಆರಿಸುವ ಮೊದಲು ಎಲೆಯ ಮೇಲೆ ಏನಿದೆ ಎಂದು ರೈತರೇ ತಮ್ಮ ಕಣ್ಣಾರೆ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೊಲದಲ್ಲಿ ಕಂಡದ್ದು

ಮೆಣಸಿನಕಾಯಿಯ ಮುಟುರು ರೋಗಕ್ಕೆ ಕಾರಣ ಒಂದೇ ಅಲ್ಲ. ಎಲೆಯ ಅಂಚು ಮೇಲ್ಮುಖವಾಗಿ ಮಡಚಿಕೊಂಡರೆ ಸಾಮಾನ್ಯವಾಗಿ ಥ್ರಿಪ್ಸ್ ಕೆಲಸ. ಅಂಚು ಕೆಳಮುಖವಾಗಿ ಮಡಚಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾದರೆ ಹಳದಿ ಮೈಟ್ (ನುಸಿ) ಕೆಲಸ. ಎಲೆ ಸಣ್ಣದಾಗಿ, ನರ ದಪ್ಪವಾಗಿ, ಗಿಡವೇ ಗಿಡ್ಡಾದರೆ ಬಿಳಿನೊಣ ತರುವ ಎಲೆ ಮುಟುರು ವೈರಸ್ ಇರಬಹುದು. ಹತ್ತಿರದ ಗೋವಿನಜೋಳಕ್ಕೆ ಹೊಡೆದ 2,4-ಡಿ ಕಳೆನಾಶಕ ಗಾಳಿಗೆ ತೂರಿ ಬಂದರೂ ಎಲೆ ಸೊಟ್ಟಗಾಗುತ್ತದೆ. ಅದನ್ನು ಮೊದಲೇ ವಿಚಾರಿಸಿದೆ. ಆ ಹಂಗಾಮಿನಲ್ಲಿ ಅಕ್ಕಪಕ್ಕ ಯಾರೂ ಹೊಡೆದಿರಲಿಲ್ಲ.

ಪುಸ್ತಕದಲ್ಲಿ ಇವೆಲ್ಲ ಬೇರೆ ಬೇರೆ ಚಿತ್ರಗಳು. ಹೊಲದಲ್ಲಿ ಹಾಗಿರುವುದಿಲ್ಲ. ಒಂದೇ ಗಿಡದಲ್ಲಿ ಕೆಳಗಿನ ಹಳೆ ಎಲೆ ಮೇಲ್ಮುಖ, ತುದಿಯ ಹೊಸ ಎಲೆ ಕೆಳಮುಖ. ಕೆಲವು ಗಿಡಗಳಲ್ಲಿ ಯಾವ ಕಡೆ ಮಡಚಿದೆ ಎಂದು ಹೇಳುವುದೇ ಕಷ್ಟ. ಸೆಪ್ಟೆಂಬರ್‌ನಲ್ಲಿ ಮಳೆ ಬಿಡುವು ಕೊಟ್ಟಾಗ ಥ್ರಿಪ್ಸ್ ಬಂದಿರಬಹುದು, ಆಮೇಲೆ ಮೋಡ ಕವಿದು ತೇವ ಹೆಚ್ಚಿದಾಗ ಮೈಟ್ ಏರಿರಬಹುದು ಎಂದು ನನಗೆ ಅನ್ನಿಸಿತು. ಆದರೆ ಅನ್ನಿಸಿದ್ದನ್ನು ನಂಬಿ ಮೂರನೇ ಸಲ ಎಣ್ಣೆ ಹೊಡೆಸುವುದು ತಪ್ಪಾಗುತ್ತಿತ್ತು.

ಇಲ್ಲಿ ಅಳತೆ ಮುಖ್ಯ. ಥ್ರಿಪ್ಸ್ ಹೆಚ್ಚೂಕಡಿಮೆ 1 ಮಿ.ಮೀ. ಉದ್ದ. ಬಿಳಿ ಕಾಗದದ ಮೇಲೆ ಹೂ ತಟ್ಟಿದರೆ ಬರಿಗಣ್ಣಿಗೆ ಓಡಾಡುವುದು ಕಾಣುತ್ತದೆ. ಹಳದಿ ಮೈಟ್‌ನ ಹೆಣ್ಣು ಸುಮಾರು 0.2 ಮಿ.ಮೀ. ಮಾತ್ರ, ಗಂಡು ಅದಕ್ಕಿಂತಲೂ ಸಣ್ಣದು. ಮೈ ಅರೆಪಾರದರ್ಶಕ, ಎಲೆಯ ಬಣ್ಣದಲ್ಲೇ ಬೆರೆತುಹೋಗುತ್ತದೆ. ಒಳ್ಳೆಯ ಕಣ್ಣಿಗೂ ಅದು ಧೂಳಿನ ಕಣಕ್ಕಿಂತ ಬೇರೆಯಾಗಿ ಕಾಣುವುದಿಲ್ಲ. ಹೀಗಾಗಿ ಥ್ರಿಪ್ಸ್ ಕಣ್ಣಿಗೆ ಬೀಳುತ್ತದೆ, ಬೈಗುಳವೂ ಅದಕ್ಕೇ ಬೀಳುತ್ತದೆ. ಮೈಟ್ ಸದ್ದಿಲ್ಲದೆ ತುದಿ ತಿನ್ನುತ್ತಿರುತ್ತದೆ.

ಕೈ ಲೆನ್ಸ್ ಸಾಲದೇ ಎಂದು ಕೇಳಬಹುದು. 10 ಪಟ್ಟಿನ ಲೆನ್ಸ್ ನನ್ನ ಜೇಬಿನಲ್ಲಿ ಸದಾ ಇರುತ್ತದೆ, 20 ಪಟ್ಟಿನದೂ ಇದೆ. ಅಭ್ಯಾಸ ಇದ್ದವರಿಗೆ ಅದರಲ್ಲಿ ಮೈಟ್ ಸಿಗುತ್ತದೆ. ಆದರೆ ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ನೋಡಬೇಕು. ನಾನು ಕಂಡದ್ದನ್ನು ಕಾಕಾ ಕಾಣುತ್ತಾರೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಲೆನ್ಸ್ ಕೊಟ್ಟರೆ ಬಹುತೇಕ ರೈತರು ಮರ್ಯಾದೆಗೆ ಹೂಂ, ಕಂಡಿತು ಎನ್ನುತ್ತಾರೆ. ಅಲ್ಲಿಗೆ ಮತ್ತೆ ಅದು ನನ್ನ ಮಾತು, ಅಂಗಡಿಯವರ ಮಾತು, ಪಕ್ಕದವರ ಮಾತು ಎಂದೇ ಉಳಿಯುತ್ತದೆ.

ಯಂತ್ರ, ಅದರ ನಿಜವಾದ ಶಕ್ತಿ

ನನ್ನ ಹತ್ತಿರ ಇರುವುದು ಏಳು ಇಂಚು ಸ್ಕ್ರೀನಿನ ಸಾಧಾರಣ ಡಿಜಿಟಲ್ ಮೈಕ್ರೋಸ್ಕೋಪ್. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಬೋರ್ಡ್ ನೋಡಲು ಇಟ್ಟುಕೊಂಡಿರುತ್ತಾರಲ್ಲ, ಅದೇ ಬಗೆ. ಕಣ್ಣಿಡುವ ಕೊಳವೆ ಇದಕ್ಕಿಲ್ಲ. ಕಬ್ಬಿಣದ ಪೀಠ, ಒಂದು ಕಂಬ, ಕಂಬಕ್ಕೆ ಹಿಡಿಸಿದ ಕ್ಯಾಮೆರಾ, ಅದರ ಮೇಲೆ ಸ್ಕ್ರೀನ್. ಲೆನ್ಸ್ ಸುತ್ತ ಉಂಗುರದಂತೆ ಸಣ್ಣ ಎಲ್‌ಇಡಿಗಳು, ಪೀಠದ ಎರಡು ಬದಿಗೆ ಬಾಗಿಸಬಹುದಾದ ಎರಡು ದೀಪಗಳು. ಒಳಗೆ ಬ್ಯಾಟರಿ, ಫೋಟೊ ಉಳಿಸಲು ಮೆಮೊರಿ ಕಾರ್ಡ್. ಕರೆಂಟ್ ಇಲ್ಲದ ಕಡೆಯೂ ನಡೆಯುತ್ತದೆ, ಅದು ದೊಡ್ಡ ಅನುಕೂಲ.

ಡಬ್ಬದ ಮೇಲೆ 1200 ಪಟ್ಟು ಎಂದು ದೊಡ್ಡದಾಗಿ ಬರೆದಿದೆ. ಇದನ್ನು ಯಾರೂ ನಂಬಬೇಡಿ. ಪರೀಕ್ಷೆ ಬಹಳ ಸುಲಭ. ಸ್ಟೀಲ್ ಸ್ಕೇಲನ್ನು ಲೆನ್ಸ್ ಕೆಳಗಿಡಿ. ಸ್ಕ್ರೀನಿನ ಈ ಅಂಚಿನಿಂದ ಆ ಅಂಚಿಗೆ ಎಷ್ಟು ಮಿಲಿಮೀಟರ್ ಕಾಣುತ್ತದೆ ನೋಡಿ. ಏಳು ಇಂಚಿನ ಅಗಲ ಸ್ಕ್ರೀನಿನ ಅಡ್ಡಳತೆ ಸುಮಾರು 155 ಮಿ.ಮೀ. ಕ್ಯಾಮೆರಾ ಎತ್ತರದಲ್ಲಿದ್ದಾಗ ನನ್ನ ಯಂತ್ರದಲ್ಲಿ ಸುಮಾರು 16 ಮಿ.ಮೀ. ಕಾಣುತ್ತದೆ. ಅಂದರೆ ಹತ್ತು ಪಟ್ಟು. ಲೆನ್ಸನ್ನು ಎಲೆಯ ಹತ್ತಿರಕ್ಕೆ ಇಳಿಸಿ ಫೋಕಸ್ ತಿರುಗಿಸಿದರೆ 2 ಮಿ.ಮೀ. ಕಾಣುವ ತನಕ ಹೋಗಬಹುದು. ಅಂದರೆ 77 ಪಟ್ಟು. ಅದರಾಚೆಗೆ ಗುಂಡಿ ಒತ್ತಿ ಹಿಗ್ಗಿಸುವುದು ಬರೀ ಚಿತ್ರ ಹಿಗ್ಗಿಸಿದಂತೆ, ಹೊಸ ವಿವರ ಏನೂ ಬರುವುದಿಲ್ಲ. 1200 ಪಟ್ಟು ನಿಜವೇ ಆಗಿದ್ದರೆ ಸ್ಕ್ರೀನಿನ ತುಂಬ 0.13 ಮಿ.ಮೀ. ಅಗಲವಷ್ಟೇ ಕಾಣಬೇಕಿತ್ತು. ಅದರಲ್ಲಿ ಒಂದು ಹೆಣ್ಣು ಮೈಟ್ ಕೂಡ ಪೂರ್ತಿ ಹಿಡಿಸುವುದಿಲ್ಲ.

ನಮ್ಮ ಕೆಲಸಕ್ಕೆ ಅಷ್ಟು ಬೇಕಾಗಿಯೂ ಇಲ್ಲ. ಹತ್ತು ಪಟ್ಟಿನಲ್ಲಿ ಮೈಟ್ 2 ಮಿ.ಮೀ. ಉದ್ದಕ್ಕೆ ಕಾಣುತ್ತದೆ. ಎಲ್ಲಿದೆ ಎಂದು ಹುಡುಕಲು ಸಾಕು. 77 ಪಟ್ಟಿನಲ್ಲಿ ಒಂದೂವರೆ ಸೆಂಟಿಮೀಟರ್ ಆಗುತ್ತದೆ, ಕಾಲು ಎಣಿಸಬಹುದು. ಇವೆರಡರ ನಡುವೆಯೇ ನಮ್ಮ ಎಲ್ಲ ಕೆಲಸ ಮುಗಿಯಿತು. ಸ್ಕೇಲ್ ಇಟ್ಟು ನೋಡಿದ ಅಳತೆಗಳನ್ನು ಕಂಬದ ಮೇಲೆ ಮಾರ್ಕರ್‌ನಿಂದ ಗುರುತು ಮಾಡಿಕೊಂಡಿದ್ದೇನೆ. ಮೈಕ್ರೋಸ್ಕೋಪ್ ತರಿಸಿದವರು ಮೊದಲು ಮಾಡಬೇಕಾದ ಕೆಲಸ ಇದೇ.

ಎಲೆ ತಂದದ್ದು, ಇಟ್ಟದ್ದು

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹೊಲಕ್ಕೆ ಇಳಿದೆವು. ತೀರಾ ಹಾಳಾದ ಗಿಡವನ್ನೇ ಹುಡುಕಿ ಕಿತ್ತರೆ ಲೆಕ್ಕ ತಪ್ಪುತ್ತದೆ. ತೀರಾ ಒಣಗಿದ ತುದಿಯಲ್ಲಿ ತಿನ್ನಲು ಏನೂ ಉಳಿದಿರುವುದಿಲ್ಲ, ಹುಳ ಅಲ್ಲಿಂದ ಆಗಲೇ ಹೋಗಿರುತ್ತದೆ. ಬದುವಿನ ಸಾಲು, ನಡುವಿನ ಸಾಲು, ಹತ್ತಿ ಪಕ್ಕದ ಸಾಲು ಎಂದು ಅಡ್ಡಾದಿಡ್ಡಿ ನಡೆದು, ಈಗಷ್ಟೇ ಮುಟುರಲು ಶುರುವಾದ ಗಿಡಗಳಿಂದ ತುದಿಯ ಮೂರು ಮೂರು ಎಲೆ ತೆಗೆದೆವು. ಚೆನ್ನಾಗಿರುವಂತೆ ಕಾಣುವ ಗಿಡಗಳಿಂದಲೂ ತೆಗೆದೆವು. ಪ್ರತಿ ಜಾಗಕ್ಕೆ ಬೇರೆ ಕವರ್, ಮೇಲೆ ಪೆನ್ನಿನಲ್ಲಿ ಗುರುತು. ಹೂಗಳಿಗೆ ಒಂದು ಕವರ್. ಕವರಿನೊಳಗೆ ಟಿಶ್ಯೂ ಕಾಗದದ ಒಂದು ತುಂಡು ಇಟ್ಟರೆ ಎಲೆಯ ಬೆವರು ಹನಿಗಟ್ಟುವುದಿಲ್ಲ. ಹನಿಯಲ್ಲಿ ಸಿಕ್ಕರೆ ಮೈಟ್ ಸಾಯುತ್ತದೆ, ಕಾಣುವುದೂ ಇಲ್ಲ. ಎಲೆ ಬಾಡಿದರೂ ಅವು ಬಿಟ್ಟು ಹೋಗುತ್ತವೆ. ಹಾಗಾಗಿ ನೇರ ಮನೆಗೇ ಬಂದೆವು.

ಹೊಲದಲ್ಲೇ ನೋಡಬಹುದಿತ್ತಲ್ಲ? ಬಿಸಿಲಿನಲ್ಲಿ ಸ್ಕ್ರೀನ್ ಕಾಣುವುದಿಲ್ಲ, ಗಾಳಿಗೆ ಎಲೆ ನಿಲ್ಲುವುದಿಲ್ಲ. ಪಡಸಾಲೆಯ ನೆರಳಿನಲ್ಲಿ ಭಾರವಾದ ಮರದ ಮೇಜು ಹಾಕಿಸಿದೆ. ಅಲುಗಾಡುವ ಮೇಜಿನ ಮೇಲೆ 77 ಪಟ್ಟಿನಲ್ಲಿ ಏನೂ ನಿಲ್ಲುವುದಿಲ್ಲ, ಯಾರಾದರೂ ಪಕ್ಕದಲ್ಲಿ ನಡೆದರೂ ಚಿತ್ರ ಕುಣಿಯುತ್ತದೆ.

ಮೈಟ್ ಇರುವುದು ಎಲೆಯ ಕೆಳಮೈಯಲ್ಲಿ, ಅದರಲ್ಲೂ ನಡುನರದ ಬದಿಗಳಲ್ಲಿ. ಮುಟುರಿದ ಎಲೆಯನ್ನು ಹಾಗೇ ಇಟ್ಟರೆ ಒಂದು ಕಡೆ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ದೊಡ್ಡದು ಮಾಡಿದಷ್ಟೂ ಫೋಕಸ್ ಹಿಡಿಯುವ ಆಳ ಕಡಿಮೆಯಾಗುತ್ತದೆ. ಇದು ಯಂತ್ರದ ದೋಷ ಅಲ್ಲ, ಲೆನ್ಸಿನ ಸ್ವಭಾವವೇ ಹಾಗೆ. ಎಲೆಯನ್ನು ನಡುನರದ ಎರಡೂ ಬದಿಗೆ ಬ್ಲೇಡಿನಿಂದ ಸೀಳಿ, ಕೆಳಮೈ ಮೇಲೆ ಬರುವಂತೆ ಕಪ್ಪು ರಟ್ಟಿನ ಮೇಲೆ ಹಾಸಿ, ಅಂಚುಗಳನ್ನಷ್ಟೇ ಎರಡು ಗಾಜಿನ ಪಟ್ಟಿಗಳಿಂದ ಒತ್ತಿದೆ. ಪೂರ್ತಿ ಗಾಜು ಮುಚ್ಚಿದರೆ ಹುಳ ಜಜ್ಜಿ ಹೋಗುತ್ತದೆ. ಅದು ಓಡಾಡಲು ಜಾಗ ಬೇಕು, ಗುರುತು ಸಿಗುವುದು ಅರ್ಧ ಅದರ ನಡಿಗೆಯಿಂದಲೇ.

ಬೆಳಕಿನ ವಿಷಯ ಇದಕ್ಕಿಂತ ಮುಖ್ಯ. ಲೆನ್ಸ್ ಸುತ್ತಲಿನ ಉಂಗುರ ದೀಪ ಉರಿಸಿದರೆ ಮೆಣಸಿನ ಎಲೆಯ ನುಣುಪು ಮೈ ಕನ್ನಡಿಯಾಗುತ್ತದೆ. ಸ್ಕ್ರೀನಿನಲ್ಲಿ ಬಿಳಿ ಚುಕ್ಕೆಗಳ ಉಂಗುರ ಬಿಟ್ಟರೆ ಬೇರೇನೂ ಇಲ್ಲ. ಹೊಸದಾಗಿ ಕೊಂಡವರು ಅಲ್ಲಿಗೇ ಬೇಸತ್ತು ಡಬ್ಬಕ್ಕೆ ಹಾಕಿಬಿಡುತ್ತಾರೆ. ಉಂಗುರ ದೀಪವನ್ನು ಪೂರ್ತಿ ಆರಿಸಬೇಕು. ಬದಿಯ ದೀಪಗಳಲ್ಲಿ ಒಂದನ್ನು ಮಾತ್ರ ಹಚ್ಚಿ, ಎಲೆಗೆ ತಾಗುವಷ್ಟು ಕೆಳಕ್ಕೆ ಬಾಗಿಸಿ, ಬೆಳಕು ಓರೆಯಾಗಿ ಹರಿಯುವಂತೆ ಮಾಡಬೇಕು. ಆಗ ಪ್ರತಿ ಕೂದಲು, ಪ್ರತಿ ಮೊಟ್ಟೆ ಒಂದು ನೆರಳು ಬೀಳಿಸುತ್ತದೆ. ಅಲ್ಲಿಯ ತನಕ ಇಲ್ಲದ್ದೆಲ್ಲ ಒಮ್ಮೆಗೇ ಎದ್ದು ಕಾಣುತ್ತದೆ.

ಸ್ಕ್ರೀನಿನಲ್ಲಿ

ಮೊದಲು ಹತ್ತು ಪಟ್ಟಿನಲ್ಲಿ ನಡುನರದ ಗುಂಟ ಎಲೆ ಸರಿಸುತ್ತ ಹೋದೆ. ನಾಲ್ಕು ಜನ ಸುತ್ತ ನಿಂತಿದ್ದರು. ಕಾಕಾ, ಅವರ ಮಗ, ಸೊಸೆ, ವೈರಸ್ ಎಂದಿದ್ದ ಪಕ್ಕದ ಹೊಲದವರು. ಸಣ್ಣ ಮಿನುಗುವ ಕಣಗಳು ಕಂಡವು. ಕೆಲವು ಸುಮ್ನೆ ಕೂತಿದ್ದವು, ಕೆಲವು ಸರಿದಾಡುತ್ತಿದ್ದವು. ಲೆನ್ಸ್ ಇಳಿಸಿ 77 ಪಟ್ಟಿಗೆ ತಂದು ನಿಲ್ಲಿಸಿದೆ.

ಮೊಟ್ಟೆ ಮೊದಲು ಸಿಕ್ಕಿತು. ಹಳದಿ ಮೈಟ್‌ನ ಮೊಟ್ಟೆ ಒಮ್ಮೆ ನೋಡಿದರೆ ಮರೆಯುವಂತಿಲ್ಲ. ಸುಮಾರು 0.08 ಮಿ.ಮೀ. ಉದ್ದ, ನೆನೆದ ಸಾಬೂದಾಣಿಯಂತೆ ಹೊಳೆಯುವ ಮೈ, ಅದರ ಮೇಲೆ ಸಾಲುಸಾಲಾಗಿ ಬಿಳಿ ಚುಕ್ಕೆಗಳು. ಮೆಣಸಿನಕಾಯಿ ಎಲೆಯ ಮೇಲೆ ಈ ಬಿಳಿ ಚುಕ್ಕೆ ಸಾಲಿನ ಮೊಟ್ಟೆ ಕಂಡರೆ ಬೇರೆ ಅನುಮಾನ ಉಳಿಯುವುದಿಲ್ಲ. ಹುಳ ಓಡಿ ಹೋಗಬಹುದು, ಮೊಟ್ಟೆ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೇ ನಾನು ಮೊದಲು ಮೊಟ್ಟೆಯನ್ನೇ ಹುಡುಕುವುದು.

ಆಮೇಲೆ ಹೆಣ್ಣು ಮೈಟ್. ಉಬ್ಬಿದ ಮೈ, ಬೆನ್ನ ಮೇಲೆ ಮಸುಕಾದ ಬಿಳಿ ಪಟ್ಟಿ, ಹಿಂದಿನ ಕಾಲುಗಳು ನೂಲಿನಷ್ಟು ತೆಳು. ನಾನು ಅದನ್ನು ತೋರಿಸುತ್ತಿರುವಾಗಲೇ ಸೊಸೆ ಸ್ಕ್ರೀನಿನ ಮೂಲೆಗೆ ಬೆರಳಿಟ್ಟರು.

"ಅಣ್ಣಾರ, ಅಲ್ನೋಡ್ರಿ, ಅದು ಇನ್ನೊಂದನ್ನ ಹೊತ್ಕೊಂಡು ಹೊಂಟೈತಿ."

ನಿಜ. ಸಣ್ಣ ಗಂಡು ಮೈಟ್ ಒಂದು, ಕದಲದ ಹಂತದಲ್ಲಿರುವ ಹೆಣ್ಣನ್ನು ಹಿಂಬದಿಗೆ ಎತ್ತಿಕೊಂಡು ನಡೆಯುತ್ತಿತ್ತು. ಈ ಜಾತಿಯ ಗಂಡಿನ ಸ್ವಭಾವವೇ ಅದು. ಹೆಣ್ಣು ಪೊರೆ ಕಳಚಿ ಬಂದ ಕೂಡಲೇ ಕೂಡಬೇಕೆಂದು ಮೊದಲೇ ಹೊತ್ತೊಯ್ಯುತ್ತದೆ. ಅದರಿಂದ ಹೊಸ ಚಿಗುರಿಗೆ ಹೆಣ್ಣು ತಾನು ನಡೆಯದೆಯೇ ತಲುಪುತ್ತದೆ. ಗಿಡದ ತುದಿಯೇ ಮೊದಲು ಹಾಳಾಗುವುದಕ್ಕೆ ಇದೂ ಒಂದು ಕಾರಣ. ಲೆನ್ಸಿನಲ್ಲಿ ನಾನೊಬ್ಬನೇ ನೋಡಿದ್ದರೆ ಇದನ್ನು ಕಥೆ ಹೇಳಿದಂತೆ ಹೇಳಬೇಕಾಗುತ್ತಿತ್ತು. ಇಲ್ಲಿ ಹೇಳಿದವರು ಆ ಮನೆಯವರೇ.

ಕಾಕಾ ಬಹಳ ಹೊತ್ತು ಸುಮ್ಮನೆ ನೋಡಿದರು. "ಹಂಗಾದ್ರ ಇದು ಥ್ರಿಪ್ಸ್ ಅಲ್ಲೇನು?"

ಹೂವಿನ ಕವರ್ ತೆಗೆದೆ. ಕಪ್ಪು ರಟ್ಟಿನ ಬದಲು ಬಿಳಿ ಹಾಳೆ ಇಟ್ಟು, ಕಂಬದ ಗುರುತು ಬದಲಿಸದೆ, ಅದೇ ಅಳತೆಯಲ್ಲಿ ಥ್ರಿಪ್ಸ್ ತೋರಿಸಿದೆ. ಅಳತೆ ಬದಲಿಸಿದ್ದರೆ ಹೋಲಿಕೆಗೆ ಅರ್ಥ ಇರುತ್ತಿರಲಿಲ್ಲ. ಥ್ರಿಪ್ಸ್ ಸ್ಕ್ರೀನಿನ ಅರ್ಧ ತುಂಬಿತು. ಉದ್ದ ಮೈ, ಕುಚ್ಚಿನಂಥ ರೆಕ್ಕೆ, ಆರು ಕಾಲು. ಮೈಟ್‌ಗೆ ಎಂಟು ಕಾಲು, ರೆಕ್ಕೆಯೇ ಇಲ್ಲ. ಅದು ಕೀಟವೇ ಅಲ್ಲ, ಜೇಡದ ಬಳಗ. ಕೀಟದ ನರಕ್ಕೆ ತಾಗುವಂತೆ ಮಾಡಿದ ಇಮಿಡಾಕ್ಲೋಪ್ರಿಡ್ ಇದನ್ನು ಕೊಲ್ಲುವುದಿಲ್ಲ. ಎರಡನೇ ಸಲ ಹೊಡೆದ ಲ್ಯಾಂಬ್ಡಾ ಸೈಹಲೋಥ್ರಿನ್ ಪೈರೆಥ್ರಾಯ್ಡ್ ಗುಂಪಿನದು. ಈ ಗುಂಪಿನ ಔಷಧಿಗಳು ಮೈಟ್ ತಿನ್ನುವ ಪರಭಕ್ಷಕ ಮೈಟ್‌ಗಳನ್ನು ಸಾಯಿಸುತ್ತವೆ. ಶತ್ರು ಸತ್ತ ಮೇಲೆ ಹಳದಿ ಮೈಟ್‌ಗೆ ತಡೆಯೇ ಇಲ್ಲ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ದೊಡ್ಡದಾಗಲು ಅದಕ್ಕೆ ಐದಾರು ದಿನ ಸಾಕು. ಎರಡನೇ ಎಣ್ಣೆಯ ನಂತರ ಮುಟುರು ಜಾಸ್ತಿಯಾದದ್ದು ಇದರಿಂದಲೇ ಎಂದು ನನಗೆ ಖಾತ್ರಿಯಾಯಿತು.

"ಮತ್ತ ನಾ ಇಷ್ಟ್ ದಿನ ಯಾರಿಗೆ ಎಣ್ಣಿ ಹೊಡದೆ ತಮ್ಮಾ?" ಎಂದರು ಕಾಕಾ. ಆ ಪ್ರಶ್ನೆಗೆ ನನ್ನಲ್ಲಿ ಸಮಾಧಾನದ ಉತ್ತರ ಇರಲಿಲ್ಲ. ಖರ್ಚಾದ ದುಡ್ಡು ಅವರದು, ಬೆನ್ನ ಮೇಲೆ ಪಂಪು ಹೊತ್ತವರೂ ಅವರೇ.

ಒಂದೊಂದೇ ಕವರ್ ತೆಗೆದು ಎಣಿಸಿದೆವು. ಬದುವಿನ ಸಾಲುಗಳಲ್ಲಿ ಮತ್ತು ಹತ್ತಿ ಪಕ್ಕದ ಸಾಲುಗಳಲ್ಲಿ ಹತ್ತು ಎಲೆಗೆ ಏಳೆಂಟರಲ್ಲಿ ಮೈಟ್ ಅಥವಾ ಮೊಟ್ಟೆ ಇತ್ತು. ನಡುವಿನ ಸಾಲುಗಳಲ್ಲಿ ಅರ್ಧಕ್ಕಿಂತ ಕಡಿಮೆ. ಚೆನ್ನಾಗಿವೆ ಎಂದುಕೊಂಡ ಗಿಡಗಳಲ್ಲೂ ಕೆಲವು ಎಲೆಗಳಲ್ಲಿ ಮೊಟ್ಟೆ ಸಿಕ್ಕಿತು. ಬರಿಗಣ್ಣಿಗೆ ಆ ಎಲೆಗಳಲ್ಲಿ ಯಾವ ಮುಟುರೂ ಇರಲಿಲ್ಲ. ಎಲೆಯ ಮೇಲೆ ತೆಳು ಹಳದಿ ಥ್ರಿಪ್ಸ್ ಅಲ್ಲೊಂದು ಇಲ್ಲೊಂದು. ಮಗ ಮೊಬೈಲಿನಲ್ಲಿ ಸ್ಕ್ರೀನಿನ ಫೋಟೊ ತೆಗೆಯಲು ಹೋದರು. ಅದು ಬೇಡ, ಯಂತ್ರದಲ್ಲೇ ತೆಗೆಯಿರಿ ಎಂದೆ. ಅದರ ಗುಂಡಿ ಒತ್ತಿದರೆ ಕ್ಯಾಮೆರಾ ಅಲುಗುತ್ತದೆ, ಹಾಗಾಗಿ ಜೊತೆಗೆ ಬಂದ ರಿಮೋಟ್ ಬಳಸಬೇಕು. ಪ್ರತಿ ಜಾಗದ ಮೊದಲ ಫೋಟೊದಲ್ಲಿ ಕವರಿನ ಗುರುತು ಬರುವಂತೆ ಮಾಡಿಕೊಂಡೆವು. ಇಲ್ಲದಿದ್ದರೆ ರಾತ್ರಿ ಕೂತು ನೋಡುವಾಗ ಎಲ್ಲ ಎಲೆಯೂ ಒಂದೇ ಥರ.

ವೈರಸ್ಸಿನ ಪ್ರಶ್ನೆ

ಪಕ್ಕದ ಹೊಲದವರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಇದನ್ನು ಬರೆಯಲೇಬೇಕು. ಒಂದು ಮೂಲೆಯ ಹತ್ತಾರು ಗಿಡಗಳು ಬೇರೆಯೇ ರೀತಿ ಇದ್ದವು. ಸಣ್ಣ ಎಲೆ, ದಪ್ಪ ನರ, ಗೆಣ್ಣು ಹತ್ತಿರ ಹತ್ತಿರ, ಹೂವೇ ಇಲ್ಲ. ಆ ಎಲೆಗಳಲ್ಲಿ ಎಷ್ಟು ಹುಡುಕಿದರೂ ಮೈಟ್ ಇಲ್ಲ, ಮೊಟ್ಟೆಯೂ ಇಲ್ಲ. ಬಿಳಿನೊಣದ ಮರಿಗಳು ಮಾತ್ರ ಸಿಕ್ಕವು.

ವೈರಸ್ಸನ್ನು ಈ ಯಂತ್ರ ತೋರಿಸುವುದಿಲ್ಲ, ಯಾವ ಬೆಳಕಿನ ಮೈಕ್ರೋಸ್ಕೋಪೂ ತೋರಿಸುವುದಿಲ್ಲ. ಆದರೆ ಮೈಟ್ ಇಲ್ಲ ಎಂಬುದನ್ನು ತೋರಿಸಿತು, ಅದೂ ಒಂದು ಸಾಕ್ಷಿ. ಲಕ್ಷಣ ಮತ್ತು ಬಿಳಿನೊಣ ಎರಡನ್ನೂ ಸೇರಿಸಿ ನೋಡಿ, ಆ ಮೂಲೆಯ ಗಿಡಗಳನ್ನು ಕಿತ್ತು ಹೂಳುವುದೆಂದು ತೀರ್ಮಾನಿಸಿದೆವು. ಕಾಕಾನ ಮಗ ಅಂದೇ ಸಂಜೆ ಕಿತ್ತರು. ಪೂರ್ತಿ ಎರಡು ಎಕರೆ ಹೋಗಬಹುದಾಗಿದ್ದ ಜಾಗದಲ್ಲಿ ಹೋದದ್ದು ಒಂದು ಮೂಲೆ.

ಏನು ಮಾಡಿದೆವು

ಥ್ರಿಪ್ಸ್ ಔಷಧಿ ಬೇಡ ಎಂದು ನಿಲ್ಲಿಸಿದ್ದು ಮೊದಲ ಕೆಲಸ. ಮೈಟ್‌ಗೆಂದೇ ಇರುವ ಮತ್ತು ಮೆಣಸಿನಕಾಯಿಗೆ ಲೇಬಲ್ಲಿನಲ್ಲಿ ಅನುಮತಿ ಇರುವ ಔಷಧಿ ಬೇಕಿತ್ತು. ಹಾವಳಿ ಶುರುವಿನಲ್ಲೇ ಗೊತ್ತಾಗಿದ್ದರೆ ನೀರಿನಲ್ಲಿ ಕರಗುವ ಗಂಧಕ ಸಾಕಾಗುತ್ತಿತ್ತು. ಅಷ್ಟು ಮೊಟ್ಟೆ ಕಂಡ ಮೇಲೆ ಫೆನಾಜಾಕ್ವಿನ್ ಆರಿಸಿದೆವು. ಪ್ರಮಾಣ ಮತ್ತು ಕೊಯ್ಲಿಗೆ ಬಿಡಬೇಕಾದ ದಿನಗಳನ್ನು ಲೇಬಲ್ಲಿನಿಂದಲೇ ಓದಿಸಿದೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣದ ಎಣ್ಣೆ ತೆಗೆಯಲು ಹೋಗುತ್ತದೆ, ಹೊರದೇಶಕ್ಕೂ ಹೋಗುತ್ತದೆ. ಔಷಧಿಯ ಉಳಿಕೆ ಜಾಸ್ತಿ ಇದ್ದರೆ ಮಾಲು ತಿರಸ್ಕಾರವಾಗುತ್ತದೆ.

ಹೊಡೆಯುವ ರೀತಿಯನ್ನೂ ಬದಲಿಸಿದೆವು. ಮೈಟ್ ಇರುವುದು ಎಲೆಯ ಕೆಳಗೆ ಎಂದು ಎಲ್ಲರೂ ಸ್ಕ್ರೀನಿನಲ್ಲಿ ನೋಡಿದ್ದರು. ಮೇಲಿನಿಂದ ಸುರಿದರೆ ಅಲ್ಲಿಗೆ ತಲುಪುವುದೇ ಇಲ್ಲ ಎಂದು ನಾನು ಹೇಳಬೇಕಾಗಲಿಲ್ಲ. ನಾಝಲ್ ಅನ್ನು ಮೇಲ್ಮುಖ ಮಾಡಿ, ಗಿಡದ ಬುಡದಿಂದ ತುದಿಗೆ ಎತ್ತುತ್ತ ಹೊಡೆದರು. ಹೊಡೆದ ನಂತರ ಎಲೆ ತಿರುಗಿಸಿ ಒದ್ದೆಯಾಗಿದೆಯೇ ಎಂದು ಸೊಸೆ ಸಾಲುಸಾಲು ನೋಡಿದರು. ಬಿಸಿಲೇರುವ ಮೊದಲೇ ಮುಗಿಸಿದರು.

ಮೂರ್ನಾಲ್ಕು ದಿನದ ನಂತರ ಅದೇ ಸಾಲುಗಳಿಂದ ಎಲೆ ತಂದು ಮತ್ತೆ ಇಟ್ಟೆವು. ಇಲ್ಲೊಂದು ತೊಡಕಿದೆ. ಸತ್ತ ಮೈಟ್ ಎಲೆಗೇ ಅಂಟಿಕೊಂಡಿರುತ್ತದೆ, ನೋಡಿದ ತಕ್ಷಣ ಬದುಕಿದ್ದೋ ಸತ್ತದ್ದೋ ತಿಳಿಯುವುದಿಲ್ಲ. ಎಮ್ಮೆಯ ಬಾಲದ ಒಂದು ಕೂದಲನ್ನು ಕಡ್ಡಿಗೆ ಕಟ್ಟಿಕೊಂಡಿದ್ದೇನೆ, ಅದರ ತುದಿಯಿಂದ ಮೆಲ್ಲಗೆ ತಾಗಿಸಿ ನೋಡುವುದು. ಬದುಕಿದ್ದರೆ ಕಾಲಾಡಿಸುತ್ತದೆ. ಸತ್ತದ್ದು ಕಂದು ತಿರುಗಿ ಮುದುಡಿರುತ್ತದೆ. ಸ್ಕ್ರೀನ್ ನೋಡುತ್ತ ಕೈ ಆಡಿಸುವುದು ಮೊದಲು ಕಷ್ಟ. ಕೈ ಸರಿದ ಮೇಲೆ ಚಿತ್ರ ಸರಿಯಲು ಒಂದು ಚಣ ತಡವಾಗುತ್ತದೆ. ನಿಧಾನವಾಗಿ ಆಡಿಸಿದರೆ ಅಭ್ಯಾಸವಾಗುತ್ತದೆ. ಬಹುಪಾಲು ಸತ್ತಿದ್ದವು. ಆರು ಕಾಲಿನ ಹೊಸ ಮರಿಗಳು (ಮೊಟ್ಟೆಯಿಂದ ಬಂದ ಮೈಟ್ ಮರಿಗೆ ಮೊದಲು ಆರೇ ಕಾಲು) ಅಲ್ಲಲ್ಲಿ ಬದುಕಿದ್ದವು, ಅಂದರೆ ಕೆಲವು ಮೊಟ್ಟೆ ಉಳಿದು ಒಡೆದಿದ್ದವು. ಅದಕ್ಕೆ ವಾರದ ಕೊನೆಗೆ ಬೇರೆ ಗುಂಪಿನದಾದ ಗಂಧಕ ಹೊಡೆಸಿದೆವು. ತಂಪು ಹೊತ್ತು ನೋಡಿಯೇ ಹೊಡೆಸಿದ್ದು, ಬಿಸಿಲು ಜೋರಿದ್ದಾಗ ಗಂಧಕ ಎಲೆ ಸುಡುತ್ತದೆ.

ಕಾಕಾಗೆ ಆ ವಾರ ಸಮಾಧಾನ ಇರಲಿಲ್ಲ. ಮುಟುರಿದ ಎಲೆ ಮುಟುರಿದಂತೆಯೇ ಇತ್ತು. ಮೈಟ್‌ನ ಜೊಲ್ಲಿನ ನಂಜು ಏರಿದ ಎಲೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ನೋಡಬೇಕಾದದ್ದು ಹೊಸ ಚಿಗುರನ್ನು. ಎಷ್ಟೋ ರೈತರು ಈ ಹಂತದಲ್ಲೇ ಔಷಧಿ ಕೆಲಸ ಮಾಡಲಿಲ್ಲ ಎಂದು ಇನ್ನೊಂದು ಬಾಟಲಿ ತರುತ್ತಾರೆ. ಸ್ಕ್ರೀನ್ ಇಲ್ಲಿ ಎರಡನೇ ಸಲ ದುಡ್ಡು ಉಳಿಸಿತು. ಎಲೆ ಮುಟುರಿದೆ, ಆದರೆ ಕೆಳಗೆ ಜೀವ ಇಲ್ಲ ಎಂದು ಅವರೇ ನೋಡಿದರು, ಕಾದರು. ನವೆಂಬರ್ ಮೊದಲ ಭಾಗದಲ್ಲಿ ಕಂಕುಳ ಚಿಗುರು ಅಗಲವಾಗಿ ಬಂತು. ಒಂದು ಎಲೆಯಲ್ಲಿ ಹಳದಿ ಮೈಟ್‌ಗಿಂತ ದೊಡ್ಡದಾದ, ಹೊಳಪು ಮೈಯ, ಸರಸರ ಓಡುವ ಪರಭಕ್ಷಕ ಮೈಟ್ ಕೂಡ ಕಂಡಿತು. ಅದನ್ನು ಕಂಡು ನನಗಾದ ಖುಷಿ ಹೇಳತೀರದು. ಅದು ಉಳಿಯಲಿ ಎಂದೇ ಮುಂದೆ ಪೈರೆಥ್ರಾಯ್ಡ್ ಮುಟ್ಟಬೇಡಿ ಎಂದು ಕೇಳಿಕೊಂಡೆ.

ಬೆಳೆ ಪೂರ್ತಿ ಬರಲಿಲ್ಲ. ಮೊದಲ ಹೂವು ಉದುರಿಹೋಗಿತ್ತು, ಬದುವಿನ ಸಾಲುಗಳಲ್ಲಿ ಕಾಯಿ ಸಣ್ಣದು ಮತ್ತು ಸೊಟ್ಟ. ನಡುವಿನ ಸಾಲುಗಳು ಚೇತರಿಸಿಕೊಂಡವು. ಕೊಯ್ಲು ತಡವಾಗಿ ಶುರುವಾದರೂ ಬ್ಯಾಡಗಿ ಪೇಟೆಗೆ ಮಾಲು ಹೋಯಿತು.

ಯಂತ್ರ ಹೇಳಲಾಗದ್ದು

ಹೂವಿನಲ್ಲಿ ಸಿಕ್ಕ ಥ್ರಿಪ್ಸ್‌ಗಳಲ್ಲಿ ಕಪ್ಪು ಬಣ್ಣದವೂ ಇದ್ದವು. ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊರಗಿನ ಜಾತಿ ಭಾರತದಲ್ಲಿ ಮೊದಲು 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ವರದಿಯಾಯಿತು. 2021ರಲ್ಲಿ ಆಂಧ್ರ, ತೆಲಂಗಾಣದ ಮೆಣಸಿನಕಾಯಿ ಹೊಲಗಳನ್ನು ಹಾಳುಮಾಡಿತು, ಕರ್ನಾಟಕದಲ್ಲೂ ಹರಡಿತು. ಅದರ ಹೆಣ್ಣು ಕಪ್ಪು, ಹೂವಿನೊಳಗೆ ಸೇರುತ್ತದೆ. ನಮ್ಮ ಸ್ಕ್ರೀನಿನಲ್ಲಿ ಕಂಡದ್ದು ಅದೇ ಇರಬಹುದು. ಆದರೆ ಬಣ್ಣ ನೋಡಿ ಜಾತಿ ಹೇಳುವಂತಿಲ್ಲ. ಕೂದಲುಗಳ ಸಂಖ್ಯೆ, ರೆಕ್ಕೆಯ ಅಂಚು ನೋಡಬೇಕು, ಅದಕ್ಕೆ ಗಾಜಿನ ಪಟ್ಟಿಯ ಮೇಲೆ ತಯಾರು ಮಾಡಿ ನೂರಾರು ಪಟ್ಟಿನ ನಿಜವಾದ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಶೇ 70ರ ಆಲ್ಕೋಹಾಲ್ ಇರುವ ಸಣ್ಣ ಸೀಸೆಯಲ್ಲಿ ಹಾಕಿ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಒಯ್ಯುವುದೇ ಸರಿಯಾದ ದಾರಿ. ಎಲೆಯ ಮೇಲಿನ ಬೂಷ್ಟು ಯಾವ ಜಾತಿ, ಬೇರಿನ ಜಂತು ಯಾವುದು ಎಂಬುದಕ್ಕೂ ಈ ಯಂತ್ರ ಆಗುವುದಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಬೆಲೆ ಐದಾರು ಸಾವಿರದ ಆಸುಪಾಸಿನಲ್ಲಿ ಸಾಕಷ್ಟು ಒಳ್ಳೆಯದು ಸಿಗುತ್ತದೆ. ಪಟ್ಟಿನ ಸಂಖ್ಯೆ ನೋಡಬೇಡಿ, ಫೋಟೊ ಎಷ್ಟು ಮೆಗಾಪಿಕ್ಸೆಲ್ ಎಂದೂ ನೋಡಬೇಡಿ. ಸಣ್ಣ ಸೆನ್ಸರಿನ ಚಿತ್ರವನ್ನೇ ಹಿಗ್ಗಿಸಿ ಆ ಸಂಖ್ಯೆ ತೋರಿಸಿರುತ್ತಾರೆ. ಪ್ಲಾಸ್ಟಿಕ್ ಕಂಬ ಬೇಡ, ಕಬ್ಬಿಣದ ಪೀಠವೇ ಇರಲಿ. ಬದಿ ದೀಪ ಇರಲೇಬೇಕು. ಸ್ಕ್ರೀನ್ ಏಳು ಇಂಚಿಗಿಂತ ಸಣ್ಣದಾದರೆ ನಾಲ್ಕು ಜನ ಒಟ್ಟಿಗೆ ನೋಡಲಾಗದು. ಹಾಗಾದರೆ ಲೆನ್ಸಿಗೂ ಅದಕ್ಕೂ ಏನು ಫರಕು?

ಮುಂದಿನ ಹಂಗಾಮಿಗೆ ಸಸಿಮಡಿಯಿಂದಲೇ ಎಲೆ ನೋಡುವುದೆಂದು ಕಾಕಾನ ಮನೆಯಲ್ಲಿ ತೀರ್ಮಾನವಾಗಿದೆ. ನಾಟಿಯಾದ ಮೇಲೆ ವಾರಕ್ಕೊಮ್ಮೆ ತುದಿ ಎಲೆ, ಹೂ ಬಂದ ಮೇಲೆ ಹೂವೂ. ಸೊಸೆಗೆ ಸ್ಕೇಲ್ ಇಟ್ಟು ಅಳತೆ ನೋಡುವುದು, ಓರೆ ಬೆಳಕು ಹಿಡಿಯುವುದು ಚೆನ್ನಾಗಿ ಬಂದಿದೆ. ಯಂತ್ರವನ್ನು ಅವರ ಓಣಿಯ ನಾಲ್ಕೈದು ಮನೆಯವರು ಸೇರಿ ಕೊಳ್ಳುವ ಮಾತಿದೆ. ಬಗೆಹರಿಯದೆ ಉಳಿದಿರುವುದು ಹತ್ತಿ ಸಾಲಿನ ವಿಷಯ. ಹಳದಿ ಮೈಟ್ ಬಿಳಿನೊಣದ ಕಾಲಿಗೆ ಅಂಟಿಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತದೆ ಎಂಬುದು ತಿಳಿದದ್ದೇ, ನಮ್ಮ ಎಣಿಕೆಯಲ್ಲೂ ಹತ್ತಿ ಪಕ್ಕದ ಸಾಲುಗಳಲ್ಲಿ ಮೈಟ್ ಜಾಸ್ತಿ ಇತ್ತು. ಆದರೆ ಬದುವಿನ ಸಾಲುಗಳಲ್ಲೂ ಅಷ್ಟೇ ಇತ್ತು, ಅಲ್ಲಿ ಹತ್ತಿ ಇರಲಿಲ್ಲ. ಹತ್ತಿ ಬಿಟ್ಟರೆ ಕಾಕಾಗೆ ಕೈಗೆ ಬರುವ ದುಡ್ಡು ಕಡಿಮೆಯಾಗುತ್ತದೆ. ಹಾಗಾಗಿ ಮೊದಲು ಹತ್ತಿ ಸಾಲಿನಲ್ಲೂ ಬದುವಿನಲ್ಲೂ ಹಳದಿ ಅಂಟು ಹಾಳೆ ಕಟ್ಟಿ, ಅದಕ್ಕೆ ಬಿದ್ದ ಬಿಳಿನೊಣಗಳ ಕಾಲುಗಳನ್ನು ಸ್ಕ್ರೀನಿನಲ್ಲಿ ನೋಡುತ್ತೇವೆ. ಹತ್ತಿ ಇರಬೇಕೋ ಬೇಡವೋ ಎಂಬುದನ್ನು ಅದಾದ ಮೇಲೆ ನಿರ್ಧರಿಸುತ್ತೇವೆ.